ಹೊರಸಿನ ಹಿಂದೆ ಹೊತ್ತವರು

ದೆವ್ವ, ಪವಾಡ ಎಂದರೆ ನಕ್ಕು ತಳ್ಳಿಹಾಕುತ್ತಿದ್ದವನು ನಾನು. ಈಗಲೂ ಅವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಒಂದು ರಾತ್ರಿಯ ಮಟ್ಟಿಗೆ ನನ್ನ ವಾದವೆಲ್ಲ ನಿಂತುಹೋಗುತ್ತದೆ. ಅದನ್ನು ನಡೆದಂತೆಯೇ ಬರೆಯುತ್ತೇನೆ.

ಪೊಲೀಸ್ ಕಾರ್ಯಾಚರಣೆ ಮುಗಿದ ಹೊಸದು. ಸೊಲ್ಲಾಪುರದಲ್ಲಿ ಓದುತ್ತಿದ್ದ ನನ್ನಂಥವನಿಗೆ ನಿಜಾಮರ ಸೀಮೆಯೆಂದರೆ ಅದುವರೆಗೂ ಪರದೇಶವೇ. ಗಾಯಾಳುಗಳ ಸೇವೆಗೆ ಹೊರಟ ಒಂದು ತಂಡದ ಜೊತೆ ಕಲಬುರಗಿಗೆ ಬಂದೆ. ಗಾಯಕ್ಕೆ ಪಟ್ಟಿ ಕಟ್ಟುವುದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಒಂದು ಹಳೆಯ ಲಾರಿಗೆ ಹಲಗೆ ಬಡಿದು, ಕೆಂಪು ಗುರುತು ಬರೆದು, ರಾತ್ರಿ ಪಾಳಿಗೆ ನನ್ನನ್ನು ಹಾಕಿದರು. ಜನ ಅದನ್ನು ದವಾಖಾನಿ ಗಾಡಿ ಎನ್ನುತ್ತಿದ್ದರು.

ಅದರ ಡ್ರೈವರ್ ಮೋಮಿನಪುರದ ಖಾಜಾಸಾಬ, ನಲವತ್ತು ದಾಟಿದವನು. ಆ ದಿನಗಳಲ್ಲಿ ಅವನಂಥ ಮುಸಲ್ಮಾನ ಕತ್ತಲಾದ ಮೇಲೆ ಹಳ್ಳಿಯ ದಾರಿ ಹಿಡಿಯುವುದೆಂದರೆ ಜೀವ ಕೈಯಲ್ಲಿ ಹಿಡಿದಂತೆ. ಮನೆಯವರು ಅತ್ತು ತಡೆದರೂ ಅವನು ಬರುತ್ತಿದ್ದ.

ಅವತ್ತು ಕಮಲಾಪುರದ ರಸ್ತೆಯಲ್ಲಿ ನಮ್ಮ ಡೇರೆ. ಮಳೆ ಬಿಟ್ಟುಬಿಟ್ಟು ಸುರಿಯುತ್ತಿತ್ತು. ನಡುರಾತ್ರಿ ಒಬ್ಬ ತೊಯ್ದು ತೊಪ್ಪೆಯಾಗಿ ಓಡಿಬಂದ. ಹೆಸರು ಭೀಮಶ್ಯಾ, ಹಳ್ಳದಾಚೆಯ ಊರಿನ ಹೊಲೆಯರ ಕೇರಿಯ ಕೂಲಿಯವನು.

"ನನ್ನ ಹೇಣ್ತಿಗಿ ನಿನ್ನಿ ಸಂಜಿಯಿಂದ ಬ್ಯಾನಿ ಹತ್ಯಾವ್ರೀ. ಕೂಸು ಅಡ್ಡ ಬಂದದ. ಸೂಲಗಿತ್ತಿ ತನ್ನ ಕೈಲಿ ಆಗಲ್ಲ ಅಂತ ಹೇಳ್ಯಾಳ."

ನಾನು ಖಾಜಾಸಾಬನ ಮುಖ ನೋಡಿದೆ. ಅವನು ಆಗಲೇ ಎದ್ದು ನಿಂತಿದ್ದ. "ನಡೀರಿ ಸಾಹೇಬ್, ದೇರ್ ಆಗ್ತದ."

ಹಳ್ಳ ತುಂಬಿತ್ತು. ಲಾರಿಯನ್ನು ಈಚೆ ದಂಡೆಯಲ್ಲಿ ನಿಲ್ಲಿಸಿ, ಸೊಂಟದ ನೀರಿನಲ್ಲಿ ದಾಟಿ ಹೋದೆವು. ಭೀಮಶ್ಯಾನ ಹೆಂಡತಿ ಮಲ್ಲವ್ವ ಹೊರಸಿನ ಮೇಲೆ ಹಲ್ಲು ಕಚ್ಚಿ ಮಲಗಿದ್ದಳು. ಆ ಮಂಚವನ್ನೇ ಹೊತ್ತು ಹಳ್ಳ ದಾಟಿಸಲು ನಾಲ್ಕು ಜನ ಬೇಕು, ನಾವು ಮೂವರು. ಕೇರಿಯ ಗಂಡಸರು ಗಲಾಟೆಯ ಅಂಜಿಕೆಗೆ ಊರು ಬಿಟ್ಟಿದ್ದರು. ಮೇಲಿನ ಓಣಿಯಲ್ಲಿ ಎರಡು ಬಾಗಿಲು ಬಡಿದೆ. ಒಂದು ತೆರೆಯಲಿಲ್ಲ. ಇನ್ನೊಂದರಿಂದ, "ಆ ಹೊರಸು ನಾವು ಮುಟ್ಟಂಗಿಲ್ರೀ" ಎಂದರು.

ಮುಂದೆ ನಾನು ಮತ್ತು ಖಾಜಾಸಾಬ ಒಂದೊಂದು ಬದಿಗೆ ಹೆಗಲು ಕೊಟ್ಟೆವು. ಹಿಂದೆ ಭೀಮಶ್ಯಾ ಒಬ್ಬನೇ ಅಡ್ಡಪಟ್ಟಿಯ ನಡುವೆ ತಲೆ ಕೊಟ್ಟ. ಮಲ್ಲವ್ವನ ತಲೆ ನಮ್ಮ ಕಡೆ, ಕಾಲು ಅವನ ಕಡೆ. ಕಾಲಿನ ಬದಿಗೆ ಒಂದು ಕಂದೀಲು ಕಟ್ಟಿದ್ದೆವು.

ಹಳ್ಳದ ನಡುವೆ ಹಿಂದಿನಿಂದ ಧೊಪ್ಪೆಂದು ಸದ್ದು ಕೇಳಿಸಿತು. "ಸತ್ತೆನೋ ಯಪ್ಪಾ!" ಎಂದು ಭೀಮಶ್ಯಾ ಕೂಗಿದ. ಕಾಲು ಜಾರಿತ್ತು. ಹಿಂದಿನ ಭಾರ ಈಗ ನೀರಿಗೆ ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ.

ಹೊರಸು ವಾಲಲಿಲ್ಲ.

ಹೊರಸು ಮೊದಲಿಗಿಂತ ಹಗುರವಾಯಿತು. ಯಾರೋ ಹಿಂದಿನಿಂದ ಸಮನಾಗಿ ಎತ್ತಿ ನಮ್ಮನ್ನು ಮುಂದಕ್ಕೆ ದೂಡುತ್ತಿದ್ದಂತೆ ಹೆಗಲಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಭೀಮಶ್ಯಾ ಸಾವರಿಸಿಕೊಂಡನೆಂದುಕೊಂಡೆ. ಹೊತ್ತ ಹೊರಸಿನಡಿ ಕತ್ತು ತಿರುಗಿಸಲು ಬರುವಂತಿರಲಿಲ್ಲ. ದಂಡೆ ಹತ್ತಿ ಇಳಿಸಿ ತಿರುಗಿದರೆ ಹಿಂದೆ ಯಾರೂ ಇಲ್ಲ. ಭೀಮಶ್ಯಾ ಬಹಳ ಕೆಳಗೆ, ಒಂದು ಜಾಲಿಯ ಟೊಂಗೆ ಹಿಡಿದು ಮೇಲೇಳುತ್ತಿದ್ದ.

ಮಲ್ಲವ್ವ ಕಣ್ಣು ತೆರೆದು ಕೇಳಿದಳು: "ಹಿಂದ ಹೊತ್ತಿದ್ದ ಮುತ್ಯಾ ಎಲ್ಲಿ ಹೋದ?"

"ಯಾವ ಅಜ್ಜ?"

"ತಲಿಗಿ ರುಮಾಲ ಸುತ್ತಿದ್ದ. ಅಂಜಬ್ಯಾಡವ್ವಾ, ನಾ ಹಿಡದೀನಿ ಅಂತ ಅಂದ."

ಖಾಜಾಸಾಬ ನನ್ನನ್ನು ನೋಡಿದ, ನಾನು ಅವನನ್ನು. ಮಾತಾಡುವ ಹೊತ್ತಲ್ಲ. ಭೀಮಶ್ಯಾನನ್ನು ಹತ್ತಿಸಿಕೊಂಡು ಲಾರಿ ಬಿಟ್ಟೆವು. ಬೆಳಕು ಹರಿಯುವಾಗ ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಹೊರಬಂದು, ಹೆಣ್ಣುಕೂಸು, ಇಬ್ಬರೂ ಉಳಿದರು ಎಂದರು. ಭೀಮಶ್ಯಾ ಖಾಜಾಸಾಬನನ್ನು ತಬ್ಬಿಕೊಂಡು ಅತ್ತ.

ಬೇನೆಯ ಸಂಕಟದಲ್ಲಿ ಅವಳಿಗೆ ಏನೋ ಕಂಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನನ್ನ ಹೆಗಲಿಗೆ ಬೇನೆ ಇರಲಿಲ್ಲವಲ್ಲ! ನೀರು ಎತ್ತಿತೇ? ನೀರು ಸೊಂಟಕ್ಕಿತ್ತು, ಹೊರಸು ಹೆಗಲ ಮೇಲಿತ್ತು. ಖಾಜಾಸಾಬನನ್ನು ಒಮ್ಮೆ ಕೇಳಿದೆ. "ನನಗೂ ಹಗುರ ಆಗಿತ್ತು ಸಾಹೇಬ್. ಇನ್ನ ಕೇಳಬ್ಯಾಡ್ರಿ" ಎಂದ.

ನಾನು ಊರಿಗೆ ಮರಳುವ ಮೊದಲು ಕೂಸನ್ನು ನೋಡಲು ಇಬ್ಬರೂ ಅವರ ಕೇರಿಗೆ ಹೋದೆವು. ಮಲ್ಲವ್ವ ಕಮಲಾಪುರದ ಕೆಂಪು ಬಾಳೆಹಣ್ಣು ತರಿಸಿಟ್ಟಿದ್ದಳು. ನನಗೆರಡು, ಖಾಜಾಸಾಬನಿಗೆರಡು ಕೊಟ್ಟಳು. ಆಮೇಲೆ ಇನ್ನೆರಡನ್ನು ಬೇರೆ ಎಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ಇವು ಆ ಮುತ್ಯಾಗ್ರೀ. ಸಿಕ್ಕರ ಕೊಡ್ರಿ."

ಎರಡನ್ನೂ ಚೀಲದಲ್ಲಿಟ್ಟುಕೊಂಡೆ. ಹಳ್ಳದ ಹತ್ತಿರ ಬಂದಾಗ ನಾನು ಹೇಳದೆಯೇ ಖಾಜಾಸಾಬ ಲಾರಿ ನಿಲ್ಲಿಸಿದ. ನೀರು ಇಳಿದು ಮೊಳಕಾಲಿಗೆ ಬಂದಿತ್ತು. ಒಂದು ಬಂಡೆಯ ಮೇಲೆ ಹಣ್ಣಿಟ್ಟೆ. ಎರಡೂ ಕೈ ಜೋಡಿಸಿದೆ. ಯಾರಿಗೆ ಜೋಡಿಸಿದೆನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.