ಯಲ್ಲಕ್ಕ ಅಳಬೇಕೆಂದರೆ ಒಪ್ಪಿಗೆ ಬೇಕು

ಜಮಖಂಡಿ, ಮುಧೋಳ, ಬೀಳಗಿ, ಆ ಕಡೆ ರಬಕವಿ-ಬನಹಟ್ಟಿ, ಇಷ್ಟೂ ಸೀಮೆಯಲ್ಲಿ ನಮ್ಮ ಯಲ್ಲಕ್ಕನಿಗೆ ‘ಒಲ್ಲೆ’ ಎಂದ ಹೆಣ ಒಂದೂ ಇಲ್ಲ. ಬೇಕಾದರೆ ಬೀರಪ್ಪನ ಗುಡಿಯ ಕಟ್ಟೆ ಮುಟ್ಟಿ ಹೇಳುತ್ತೇನೆ. ಬದುಕಿದ್ದಾಗ ಹೆಂಡತಿಯ ಮಾತಿಗೆ ಒಮ್ಮೆಯೂ ತಲೆಯಾಡಿಸದ ಗಂಡಸರು ಕೂಡ ಸತ್ತ ಮೇಲೆ ಯಲ್ಲಕ್ಕನಿಗೆ ಹೂಂ ಎಂದಿದ್ದಾರೆ.

ಯಲ್ಲಕ್ಕನ ಕೆಲಸ ಹಾಡ್ಯಾಡಿ ಅಳುವುದು. ಸತ್ತವರ ತಲೆಯ ಬದಿಗೆ ಕೂತು, ಅವರು ಹುಟ್ಟಿದ್ದು, ಉಂಡದ್ದು, ಜಗಳಾಡಿದ್ದು, ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡದ್ದು, ಎಲ್ಲವನ್ನೂ ಹಾಡು ಮಾಡಿಕೊಂಡು ಅಳುವ ಹೆಂಗಸರು ಹಿಂದೆ ನಮ್ಮ ಕಡೆ ಊರಿಗೊಬ್ಬರಿದ್ದರು. ಈಗ ಉಳಿದವಳು ಈಕೆ ಒಬ್ಬಳೇ. ಲೋಕಾಪುರದಲ್ಲಿ ಯಲ್ಲಕ್ಕ ಅತ್ತಾಗ ರಸ್ತೆಯ ಮೇಲಿನ ಬಸ್ಸು ತಾನಾಗಿ ನಿಂತು, ಪ್ರಯಾಣಿಕರು ಇಳಿದು ಅತ್ತು, ಯಾರು ಸತ್ತರು ಎಂದು ಆಮೇಲೆ ವಿಚಾರಿಸಿದರು. ರನ್ನ ಬೆಳಗಲಿಯಲ್ಲಿ ಕಬ್ಬಿನ ಗದ್ದೆಯ ಪಕ್ಕ ಅತ್ತಳು, ಆ ವರ್ಷದ ಬೆಲ್ಲ ಉಪ್ಪುಪ್ಪಾಯಿತು. ಬನಹಟ್ಟಿಯಲ್ಲಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕರೆಂಟು ಹೋಗಿತ್ತು ಎಂದು ಕೆಲವರು ಹೇಳುತ್ತಾರೆ. ಅವರು ಹೊಟ್ಟೆಕಿಚ್ಚಿನವರು.

ಮೊದಲ ಸಲ ಅವಳು ಅತ್ತದ್ದು ಗಂಡ ಈರಪ್ಪನಿಗೆ. ಕುರಿ ಹಿಂಡಿನ ಸಂಗಡ ದೂರದ ಹೊಲದಲ್ಲಿ ತಂಗಿದ್ದಾಗ ಅವನಿಗೆ ಹಾವು ಕಚ್ಚಿತು. ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ಹರೆಯದ ಹುಡುಗಿ ಬದುವಿನ ಮೇಲೆ ಕೂತು, ‘ಅಳಲೇನ್ರಿ?’ ಎಂದು ಅವನನ್ನೇ ಕೇಳಿದಳಂತೆ. ಕೇಳಿ ಕಾದಳಂತೆ. ಕುರಿಗಳು ಮೇಯುವುದು ಬಿಟ್ಟು ಅವಳ ಸುತ್ತ ಬಂದು ನಿಂತವಂತೆ. ಅಂದಿನಿಂದ ಆ ಪದ್ಧತಿ ಬಿಡಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಹೆಣವನ್ನು ಹೆಸರು ಹಿಡಿದು ಕರೆಯುತ್ತಾಳೆ, ‘ಅಳಲೇನು?’ ಎನ್ನುತ್ತಾಳೆ, ಸುಮ್ಮನೆ ಕಾಯುತ್ತಾಳೆ. ತಲೆಯ ಹತ್ತಿರ ಇಟ್ಟ ದೀಪದ ಕುಡಿ ಒಮ್ಮೆ ಬಾಗಿತೆಂದರೆ ಹೂಂ ಎಂದ ಹಾಗೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಕುಡಿ ಬಾಗಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಆ ಎರಡು ದಿನ ನನ್ನ ಮನೆಯವಳು ಬಹಳ ಸುಖವಾಗಿದ್ದಳು.

ಇಂಥ ಯಲ್ಲಕ್ಕನ ಬಾಳಿನಲ್ಲಿ ವಿಶ್ವವಿದ್ಯಾಲಯ ಬಂದದ್ದು ರೇವಪ್ಪನ ಮಗಳು ಪೂನಮ್‌ಳಿಂದ. ರೇವಪ್ಪ ನಮ್ಮ ನೆರೆಯವ, ಟಂಟಂ ಗಾಡಿ ಹೊಡೆಯುತ್ತಾನೆ. ಆಲಮಟ್ಟಿಯ ನೀರು ಏರಿ ಬಂದು, ಗಲಗಲಿಯ ಆಚೆ ಹೊಳೆದಂಡೆಯಲ್ಲಿದ್ದ ನಮ್ಮ ಹಳೇ ಊರನ್ನು ನುಂಗಿದ ಮೇಲೆ ನಾವೆಲ್ಲ ದಿಬ್ಬದ ಮೇಲಿನ ಪುನರ್ವಸತಿ ಕಾಲನಿಗೆ ಬಂದವರು. ಸತ್ತ ಮನೆಯಲ್ಲಿ ಉಳಿದ ಮಕ್ಕಳೆಲ್ಲ ಹೆದರಿ ಓಡಿಹೋದಾಗ ಯಲ್ಲಕ್ಕನ ಸೆರಗು ಹಿಡಿದು ಕೂತು ಕೇಳುತ್ತಿದ್ದವಳು ಈ ಪೂನಮ್ ಒಬ್ಬಳೇ. ದೊಡ್ಡವಳಾಗಿ, ಹಾಡ್ಯಾಡಿ ಅಳುವುದರ ಮೇಲೆಯೇ ಸಂಶೋಧನೆ ಮಾಡುತ್ತೇನೆಂದು ಹೊರಟಳು. ಆದರೆ ರೆಕಾರ್ಡರಿನ ಗುಂಡಿ ಒತ್ತುವ ಮೊದಲು ಅಲ್ಲಿನ ನೈತಿಕ ಸಮಿತಿಯ ಒಪ್ಪಿಗೆ ಬೇಕಂತೆ. ಯಾರಿಂದ ಏನು ಕೇಳುತ್ತೀ, ಅವರಿಗೆ ನೋವಾಗುತ್ತದೆಯೇ, ಅವರು ಮನಸಾರೆ ಒಪ್ಪಿದ್ದಾರೆಯೇ ಎಂದು ನೋಡುವ ಸಮಿತಿ.

ನಮಗೆ ಇದರಲ್ಲಿ ಸೋಜಿಗ ಅನ್ನಿಸಲಿಲ್ಲ. ದೇವರಿಗೆ ಕುರಿ ಕೊಡುವಾಗ ಅದರ ಮೈಮೇಲೆ ನೀರು ಚಿಮುಕಿಸಿ, ಅದು ಮೈ ಜಾಡಿಸಿ ಒಪ್ಪಿಗೆ ಕೊಡುವ ತನಕ ಕತ್ತಿ ಎತ್ತದ ಜನ ನಾವು. ಒಮ್ಮೊಮ್ಮೆ ಕುರಿ ಸಂಜೆತನಕ ಜಾಡಿಸುವುದಿಲ್ಲ. ಈ ಸಮಿತಿ ಆ ಜಾತಿಯ ಕುರಿ ಎಂದು ಆಮೇಲೆ ಗೊತ್ತಾಯಿತು.

ಅರ್ಜಿಯಲ್ಲಿ ‘ಭಾಗವಹಿಸುವವರಿಗೆ ಆಗಬಹುದಾದ ಅಪಾಯ’ ಎಂಬಲ್ಲಿ ಪೂನಮ್ ‘ಏನೂ ಇಲ್ಲ’ ಎಂದು ಬರೆದು ಯಲ್ಲಕ್ಕನಿಗೆ ಓದಿ ತೋರಿಸಿದಳು.

“ಹಂಗ ಬರೀಬ್ಯಾಡ ನಮ್ಮವ್ವ,” ಎಂದಳು ಯಲ್ಲಕ್ಕ. “ಹೆಣಾ ಇಲ್ಲದ ಅತ್ತರ ಆ ಹಾಡು ಸುಮ್ಮ ಕುಂಡ್ರೂದಿಲ್ಲ. ತನ್ನ ಹೆಣಾ ತಾ ಹುಡುಕ್ಕೋತ ಹೊಕ್ಕೈತಿ.”

ಹುಡುಗಿ ಪ್ರಾಮಾಣಿಕಳು. ಅದನ್ನೇ ಬರೆದಳು. ಸಮಿತಿಯವರು ಪತ್ರ ಬರೆದರು: ಸದರಿ ಹಾಡು ಹೆಣ ಹುಡುಕಿಕೊಂಡು ಹೋಗದಂತೆ ತಾವು ಕೈಗೊಂಡ ಮುನ್ನೆಚ್ಚರಿಕೆ ಏನು? ಹಾಗಾದರೆ ಸತ್ತವರ ಮನೆಯಲ್ಲೇ ರೆಕಾರ್ಡು ಮಾಡುತ್ತೇನೆ ಎಂದು ಇವಳು ಬರೆದಳು. ಅದಕ್ಕೆ ಅವರು, ಹಾಡಿನಲ್ಲಿ ಸತ್ತವರ ಮನೆಯ ಗುಟ್ಟುಗಳು ಬರುತ್ತವೆ, ಸತ್ತವರು ಸಹಿ ಹಾಕಲಾರರು, ದುಃಖದಲ್ಲಿದ್ದವರ ಕೈಯಿಂದ ಹಾಕಿಸಿದ ಸಹಿ ಸಹಿಯೇ ಅಲ್ಲ ಎಂದರು. ಹೆಣ ಇದ್ದರೂ ಆಗದು, ಇಲ್ಲದಿದ್ದರೂ ಆಗದು. ಮುಂದಿನ ಸಭೆಯಲ್ಲಿ ಒಪ್ಪಿಗೆ ಸಿಗದಿದ್ದರೆ ವಿಷಯವನ್ನೇ ಬಿಟ್ಟು ಮಹಿಳಾ ಸ್ವಸಹಾಯ ಸಂಘಗಳ ಮೇಲೆ ಬರೆ ಎಂದರು ಅವಳ ಮಾರ್ಗದರ್ಶಕರು. ಪೂನಮ್ ಮನೆಗೆ ಬಂದು ರಾಗ ತಾಳ ಏನೂ ಇಲ್ಲದೆ ಅತ್ತಳು.

ಯಲ್ಲಕ್ಕ ಎಲೆ ಅಡಿಕೆ ಹಾಕಿಕೊಂಡಳು. ಆಮೇಲೆ, “ನನ್ನ ಹೆಸರಲೇ ಅಳತೀನಿ ತಗೋ,” ಎಂದಳು.

“ಹಂಗಂದ್ರ, ಆಯೀ?”

“ನಾ ಸತ್ತೇನಿ ಅಂತ ನಾನ ಅಳೂದು. ಹಾಡಿಗಿ ಹೆಣಾ ಹುಡುಕೂ ತ್ರಾಸಿಲ್ಲ, ಮನ್ಯಾಗ ಐತಿ. ಗುಟ್ಟೂ ನಂದ, ಸಹಿನೂ ನಂದ. ಮತ್ತೇನ್ ಬೇಕಂತ ಅವರಿಗೆ?”

ಪೂನಮ್ ಬೇಡವೆಂದು ಅಂಗಲಾಚಿದಳು. ಯಲ್ಲಕ್ಕ ಹಿಡಿದ ಹಟ ಬಿಡುವವಳಲ್ಲ. “ಎಂದರ ಒಂದಿನ ಹೋಗೂದ ಐತಿ. ಸತ್ತ ಮ್ಯಾಲ ನನಗ ಅಳಾಕ ಯಾರದಾರ? ಈ ಮುದುಕ ಅಳತಾನು?” ಎಂದು ನನ್ನ ಕಡೆ ಕೈ ಮಾಡಿದಳು. “ಇಂವ ಅತ್ತರ ಕತ್ತೆ ಓಡಿ ಬರತಾವ.”

ಸಮಿತಿ ಒಂದು ಪರೀಕ್ಷಾರ್ಥ ಧ್ವನಿಮುದ್ರಣಕ್ಕೆ ಒಪ್ಪಿತು. ಸಮಿತಿಯ ಸದಸ್ಯರೊಬ್ಬರು ಎದುರಿಗಿರಬೇಕು, ಯಾವ ಗಳಿಗೆಯಲ್ಲಿ ‘ಬೇಡ’ ಎಂಬ ಮಾತು ಬಂದರೂ ನಿಲ್ಲಿಸಬೇಕು. ಬಂದವರು ಮೇಘಾ ಮೇಡಂ, ತೇರದಾಳದ ಜೈನರ ಮನೆಯ ಮಗಳು, ಇರುವೆಗೂ ದಾರಿ ಬಿಟ್ಟು ನಡೆಯುವವರು.

ಸತ್ತವರಿಗೆ ಅವರ ಮನೆಯಲ್ಲೇ ಅಳಬೇಕು. ಯಲ್ಲಕ್ಕ ಕಾಲನಿಯ ತಗಡು-ಪತ್ರಾಸಿನ ಮನೆಯನ್ನು ಎಂದೂ ಮನೆ ಎಂದು ಕರೆದವಳಲ್ಲ. ಮೇ ತಿಂಗಳಾಗಿತ್ತು. ಹಿನ್ನೀರು ಇಳಿದು ಹಳೇ ಊರು ಮೇಲೆದ್ದಿತ್ತು. ರೇವಪ್ಪ ಟಂಟಂ ಗಾಡಿಯಲ್ಲಿ ನಮ್ಮನ್ನು ದಂಡೆಗೆ ತಂದು ಬಿಟ್ಟು, ತಾನು ಕೆಳಗೆ ಬರಲಾರೆ ಎಂದು ಅಲ್ಲೇ ಕೂತ. ಯಲ್ಲಕ್ಕ, ಪೂನಮ್, ಮೇಡಂ ಮತ್ತು ನಾನು ಇಳಿದೆವು.

ಇಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ಅಲ್ಲಲ್ಲಿ ಒಗ್ಗರಣೆ ಇದೆ. ಇನ್ನು ಮುಂದಿನದಕ್ಕೆ ಉಪ್ಪನ್ನೂ ಹಾಕಿಲ್ಲ.

ನೆಲವೆಲ್ಲ ಒಣಗಿ ಬಿರಿದ ರೇವೆ ಮಣ್ಣು. ಬೇವಿನ ಮರಗಳು ಕರ್ರಗೆ ನಿಂತಿದ್ದವು, ಒಂದರಲ್ಲೂ ಎಲೆಯಿಲ್ಲ. ಬಾಗಿಲಿಲ್ಲದ ಹೊಸ್ತಿಲುಗಳು, ಚಿಪ್ಪು ತುಂಬಿದ ಒರಳು. ಯಾರೂ ದಾರಿ ತೋರಿಸದೆ ಯಲ್ಲಕ್ಕ ನೇರ ತನ್ನ ಮನೆಗೆ ಹೋದಳು. ಒಂದು ಗೋಡೆ ಎದೆಮಟ್ಟ ಉಳಿದಿತ್ತು. ಗೋಡೆಯ ಆಚೆ ಅಡುಗೆಮನೆ ಇದ್ದ ಜಾಗ, ಈಗ ಬರೀ ಕೆಸರಿನ ಬಯಲು. ಇಳಿಹೊತ್ತು. ಗಾಳಿ ಜೋರಿತ್ತು, ಮೇಡಂ ಅವರ ಕೈಯಲ್ಲಿದ್ದ ಒಪ್ಪಿಗೆಯ ಹಾಳೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು.

“ಯಾವಾಗ ಬ್ಯಾಡ ಅನಸ್ತು ಆವಾಗ ಬ್ಯಾಡ ಅನ್ರಿ ಆಯೀ,” ಎಂದರು ಮೇಡಂ. “ಯಾಕಂತ ನಾವು ಕೇಳೂದಿಲ್ಲ.”

“ನಾ ಯಾಕ ಅಂತೀನ್ರಿ ಬಾಯಾರ,” ಎಂದು ಯಲ್ಲಕ್ಕ ನಕ್ಕು, ಸಹಿ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ದೀಪ ಹಚ್ಚಿ ತಲೆಯ ಪಕ್ಕದ ಕಲ್ಲಿನ ಮೇಲೆ ಇಟ್ಟಳು. ಪೂನಮ್ ಗುಂಡಿ ಒತ್ತಿದಳು.

“ಯಲ್ಲವ್ವಾ,” ಎಂದು ಯಲ್ಲಕ್ಕ ತನ್ನನ್ನೇ ಕರೆದಳು. “ಯಲ್ಲವ್ವಾ, ಅಳಲೇನ?”

ಕಾದೆವು. ಹಾಳೆಗಳು ಹೊಡೆದುಕೊಳ್ಳುತ್ತಲೇ ಇದ್ದವು. ನನ್ನ ಧೋತರದ ಚುಂಗು ಹಾರುತ್ತಿತ್ತು. ದೀಪದ ಕುಡಿ ಮಾತ್ರ ಮೊಳೆ ಹೊಡೆದಂತೆ ನೆಟ್ಟಗೆ ನಿಂತಿತ್ತು. ಅಷ್ಟು ಗಾಳಿಯಲ್ಲಿ ಆರಬೇಕಾಗಿದ್ದ ದೀಪ.

“ಯಲ್ಲವ್ವಾ, ಅಳಲೇನವಾ?”

“ಒಲ್ಲೆ.”

ಯಲ್ಲಕ್ಕನ ತುಟಿ ಅಲುಗಿರಲಿಲ್ಲ. ಮಾತು ಬಂದದ್ದು ಗೋಡೆಯ ಆಚೆಯಿಂದ. ದನಿ ಯಲ್ಲಕ್ಕನದೇ, ಆದರೆ ಈಗಿನದಲ್ಲ. ಆಕೆ ಈ ಊರಿಗೆ ಸೊಸೆಯಾಗಿ ಬಂದ ಕಾಲದಲ್ಲಿ ನಾನು ಕೇಳಿದ್ದ ದನಿ. ನಾನು ಎದ್ದು ಗೋಡೆಯ ಆಚೆ ಇಣುಕಿದೆ. ಹೆಜ್ಜೆ ಗುರುತು ಕೂಡ ಇಲ್ಲದ ಹಸಿ ಕೆಸರು, ನೀರಿನ ತನಕ.

“ನಿಂದ್ರಸ್ತೀನಿ ಆಯೀ,” ಎಂದಳು ಪೂನಮ್. ಗುಂಡಿ ಕಟ್ ಎಂದಿತು.

ಹುಡುಗಿಯ ಓದು ಕಣ್ಣೆದುರಿಗೆ ಮುಳುಗುತ್ತಿತ್ತಲ್ಲ, ನಾನು ಬಾಯಿ ಹಾಕಿದೆ. “ಲೇ ಪೋರಿ, ಗಾಳಿ ಸಪ್ಪಳ ಇರಬೇಕು ಅದು. ಹಚ್ಚು, ಇನ್ನೊಮ್ಮೆ ಕೇಳ್ಲಿ. ಮುಂದಿನ ಸಭಾದಾಗ ಏನ್ ತೋರಸ್ತಿ?”

“ಗಾಳಿ ಅಲ್ಲದು ಮುತ್ಯಾ, ನಿನಗೂ ಗೊತ್ತೈತಿ,” ಎಂದಳು. “ಆಕಿ ಒಲ್ಲೆ ಅಂದ್ಲು. ಮುಗೀತು.”

ಯಲ್ಲಕ್ಕ ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದಳು. “ಊರು ಬಿಡೂ ದಿನ ಟ್ರ್ಯಾಕ್ಟರ್ ಹತ್ತಿದಾಕಿ ನಾ,” ಎಂದಳು. “ಹತ್ತಾಕ ಒಲ್ಲೆ ಅಂದಾಕಿ ಇಲ್ಲೇ ಉಳದಾಳ. ಸಾಯದಾಕಿಗೆ ಹ್ಯಾಂಗ ಅಳಲಿ?” ಬಗ್ಗಿ ದೀಪ ಊದಿದಳು. ಎರಡು ಸಲ ಊದಿದರೂ ಆರಲಿಲ್ಲ. ಉರಿಯುತ್ತಿರುವಂತೆಯೇ ಬಿಟ್ಟು ನಡೆದಳು. ದಂಡೆ ಹತ್ತುವ ತನಕ ನಮ್ಮಲ್ಲಿ ಯಾರೂ ಹಿಂದೆ ನೋಡಲಿಲ್ಲ.

ಸಭೆಯ ದಿನ ಯಲ್ಲಕ್ಕನನ್ನೂ ಕರೆಸಿದ್ದರು. ಬರೆದುಕೊಟ್ಟ ಒಪ್ಪಿಗೆ ಒಂದು, ಬಾಯಿಮಾತು ಇನ್ನೊಂದು, ಯಾವುದು ನಿಜ ಎಂದು ಅವರಿಗೆ ತಿಳಿಯಬೇಕಿತ್ತು. ಮುದುಕಿಯ ಜೊತೆಗಾರನೆಂದು ನಾನೂ ಒಳಗೆ ಹೋಗಿ ಗೋಡೆಗೆ ಆತು ಕೂತೆ. ಅಧ್ಯಕ್ಷರು ಚನಮಲ್ಲಪ್ಪನವರು, ದೊಡ್ಡ ಪ್ರೊಫೆಸರು, ನಗುಮುಖದವರು. “ಮೊದಲ ಧ್ವನಿ ಕೇಳೂಣು,” ಎಂದರು.

ಪೂನಮ್ ರೆಕಾರ್ಡರ್ ಹಚ್ಚಿದಳು. “ಯಲ್ಲವ್ವಾ, ಅಳಲೇನ?” ಎಂಬ ಕರೆ ಬಂತು. ಆಮೇಲೆ ನಾವು ಕಾದ ಹೊತ್ತು. ಅಲ್ಲಿ ನನಗೆ ಗಾಳಿ ಮತ್ತು ಹಾಳೆಗಳ ಸಪ್ಪಳ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ರೆಕಾರ್ಡಿನಲ್ಲಿ ಗಾಳಿಯೇ ಇಲ್ಲ. ಅದರ ಜಾಗದಲ್ಲಿ ಬೇರೆ ಸಪ್ಪಳ. ತಟ್, ತಟ್, ತಟ್, ತಟ್. ಒಂದೇ ಸಮನೆ, ಅವಸರವಿಲ್ಲದೆ. ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ ಅದು ಯಾವ ಸಪ್ಪಳ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಯಾರೋ ಜೋಳದ ರೊಟ್ಟಿ ಬಡಿಯುತ್ತಿದ್ದರು.

“ಯಲ್ಲವ್ವಾ, ಅಳಲೇನವಾ?”

ಬಡಿಯುವುದು ನಿಂತಿತು. “ಒಲ್ಲೆ.” ಮತ್ತೆ ತಟ್, ತಟ್, ತಟ್. “ನಿಂದ್ರಸ್ತೀನಿ ಆಯೀ.” ಕಟ್.

ಮೇಘಾ ಮೇಡಂ ಕಣ್ಣು ಮುಚ್ಚಿದ್ದರು. ಒಬ್ಬ ಸದಸ್ಯರು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಇಡಲೂ ಇಲ್ಲ, ಕುಡಿಯಲೂ ಇಲ್ಲ.

“ಹೊತ್ತು ಇಳದಿತ್ತಲ್ರಿ,” ಎಂದಳು ಯಲ್ಲಕ್ಕ, ನೆರೆಮನೆಯ ಮಾತು ಹೇಳಿದ ಹಾಗೆ. “ರಾತ್ರಿ ಅಡಿಗಿ ನಡದಿತ್ತು.”

ಸಮಿತಿಯವರಲ್ಲಿ ಮೊದಲು ಮಾತಾಡಿದವರು ಮೇಡಂ. “ಆ ದನಿ ಯಾರದು ಅಂತ ನಾ ಹೇಳಲಾರೆ. ಆದರ ಒಂದು ಕಣ್ಣಾರೆ ನೋಡೇನಿ. ಒಲ್ಲೆ ಅಂದ ಕೂಡಲೇ ಈ ಹುಡುಗಿ ನಿಲ್ಲಿಸಿದಳು. ತನ್ನ ಸಂಶೋಧನೆನ ಹೋಗತೈತಿ ಅಂತ ಗೊತ್ತಿದ್ದೂ ನಿಲ್ಲಿಸಿದಳು. ಇನ್ನೊಮ್ಮೆ ಹಚ್ಚು ಅಂತ ಅಂದವರೂ ಅಲ್ಲಿ ಇದ್ದರು.” ನಾನು ಛಾವಣಿ ನೋಡಿದೆ. “ನಾವು ನೋಡಬೇಕಾದ್ದು ಇದನ್ನ ಅಲ್ಲೇನ್ರಿ?”

ಆ ಕುರಿ ಕೊನೆಗೂ ಮೈ ಜಾಡಿಸಿತು. ಗಟ್ಟಿಮುಟ್ಟಾಗಿ ಇದ್ದಾಗಲೇ ‘ನಾನು ಸತ್ತರೆ ನನಗೆ ಅಳುವುದನ್ನು ಮುದ್ರಿಸಿಕೊಳ್ಳಿ’ ಎಂದು ಒಪ್ಪಿದವರ ಮನೆಯಲ್ಲಿ ಮಾತ್ರ ಪೂನಮ್ ರೆಕಾರ್ಡು ಮಾಡಬಹುದು, ದುಃಖ ತಣಿದ ಮೇಲೆ ಮನೆಯವರನ್ನು ಮತ್ತೊಮ್ಮೆ ಕೇಳಬೇಕು ಎಂದು ಬರೆದು, ಅಧ್ಯಕ್ಷರು ಅಲ್ಲೇ ಸಹಿ ಹಾಕಿದರು. ಪೂನಮ್ ಯಲ್ಲಕ್ಕನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆದರೂ ಕೋಣೆಯ ತಣ್ಣಗಿನ ಭಾರ ಹೋಗಿರಲಿಲ್ಲ. ಚನಮಲ್ಲಪ್ಪನವರು ಹಣೆಯ ಬೆವರು ಒರೆಸಿಕೊಂಡು, ನಗೆ ತಂದುಕೊಂಡು, “ಆತು ಅಜ್ಜಿ,” ಎಂದರು. “ನಾಳೆ ನಾನ ಸತ್ತೆ ಅಂತ ತಿಳಕೋರಿ. ನಮ್ಮ ಮನಿಗೂ ಬಂದು ನನ್ನನ್ನ ಹಿಂಗ ಕರದು ಕೇಳತೀರೇನು?”

ಯಲ್ಲಕ್ಕ ಅವರನ್ನು ಅಡಿಯಿಂದ ಮುಡಿಯ ತನಕ ಅಳತೆ ಹಿಡಿದು ನೋಡಿದಳು.

“ನಿಮ್ಮನ್ನ ಕೇಳಿ ಕಾಯಾಕ ನನ್ನ ಕಡೆ ಆಗೂದಿಲ್ರಿ ಸಾಹೇಬ್ರ. ನೀವು ಹೂಂ ಅನ್ನಬೇಕಂದ್ರ ಮೊದಲ ಸಭಾ ಕೂಡಬೇಕು. ಅಷ್ಟೊತ್ತಿಗೆ ಹೆಣಾ ನಾತ ಹೊಡೀತೈತಿ.”