ಹೊನ್ನೂರಮ್ಮ ಹೊಡೆಯಲಿಲ್ಲ

ಹೊನ್ನೂರಮ್ಮ ನನ್ನ ಅಮ್ಮನನ್ನು ಹೊಡೆಯಲಿಲ್ಲ. ಅಮ್ಮನ ತೋಳಿನ ಮೇಲೆ ಕಪ್ಪಾಗಿ ಮೂಡಿದ್ದ ಆ ಗುರುತುಗಳು ನನ್ನ ಬೆರಳಿನವು. ಮೂರು ವರ್ಷ ಈ ಮಾತನ್ನು ಒಳಗಿಟ್ಟುಕೊಂಡೇ ನಾನು ಉಂಡಿದ್ದೇನೆ, ಮಕ್ಕಳಿಗೆ ಪಾಠ ಹೇಳಿದ್ದೇನೆ, ಏಕಾದಶಿಗೆ ಉಪವಾಸ ಮಾಡಿದ್ದೇನೆ. ಅದೆಲ್ಲ ಸಾಧ್ಯವಾಯಿತು, ಅಷ್ಟೆ.

ನಾನು ವಿಜಯಲಕ್ಷ್ಮಿ, ಬಳ್ಳಾರಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪಾರ್ವತಿನಗರದ ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ಅಮ್ಮನಿಗೆ ಮರೆವು ಮೆಲ್ಲಗೆ ಹತ್ತಿತು. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ದೇವರ ಕೋಣೆ ಯಾವುದೆಂದು ಕೇಳಿದಳು. ಒಂದು ದಿನ ನಾನು ಶಾಲೆಯಲ್ಲಿದ್ದಾಗ ಎದ್ದು ಹೋಗಿಬಿಟ್ಟಳು. ಹುಡುಕಿ ಹುಡುಕಿ ಸಾಕಾದ ಮೇಲೆ ಬ್ರೂಸ್‌ಪೇಟೆಯ ಗದ್ದಲದಲ್ಲಿ, ಒಂದು ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ, ಬರಿಗಾಲಲ್ಲಿ ಕೂತಿದ್ದವಳು ಸಿಕ್ಕಳು. ಅಂಗಡಿಯವರು ಕೊಟ್ಟ ಚಹಾ ಕೈಯಲ್ಲೇ ತಣ್ಣಗಾಗಿತ್ತು.

ಆಮೇಲೆ ಅವಳನ್ನು ರೂಪನಗುಡಿ ರಸ್ತೆಯ ಕಡೆ, ಇಂಥ ಮರೆವಿನವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಬಿಟ್ಟೆ. ಮೊದಲ ಕೆಲವು ತಿಂಗಳು ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಪಡಸಾಲೆಯಲ್ಲಿ ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯಲ್ಲೂ ಒಬ್ಬರು — ಆದರೆ ಯಾರೂ ಪಕ್ಕದವರನ್ನು ನೋಡುತ್ತಿರಲಿಲ್ಲ.

ಆಗ ಅಲ್ಲಿಗೆ ಅದೇ ಮರೆವು ಹತ್ತಿದ ಹೊನ್ನೂರಮ್ಮ ಬಂದಳು. ಕುರುಗೋಡಿನ ಒಕ್ಕಲುತನದ ಮನೆಯಾಕೆ, ಹುಟ್ಟಿದ್ದು ಸಿರುಗುಪ್ಪದಲ್ಲಿ. ನನ್ನ ಅಮ್ಮನ ತವರೂ ಸಿರುಗುಪ್ಪವೇ. ಹುಡುಗಿಯರಿದ್ದಾಗ ಇಬ್ಬರೂ ಅದೇ ತುಂಗಭದ್ರೆಗೆ ಇಳಿದಿರಬೇಕು, ಆದರೆ ಬೇರೆ ಬೇರೆ ಕಡೆಯಿಂದ. ಮಡಿಕೊಡ ಹೊತ್ತ ನನ್ನ ಅಮ್ಮ ಅವಳ ನೆರಳಿಗೂ ಸರಿದು ನಡೆದಿರಬೇಕು. ಈಗ ಇಬ್ಬರ ಕುರ್ಚಿಗಳೂ ಒಂದಕ್ಕೊಂದು ತಾಗಿದ್ದವು.

"ಯಕ್ಕಾ, ಹೊಳಿಗಿ ಹೋಗಾನು ನಡಿ. ಬಿಸಲೇರತೈತಿ" ಎನ್ನುವಳು ಹೊನ್ನೂರಮ್ಮ.

"ತಾಳು. ಒಗ್ಯೋ ಸೀರಿ ಇನ್ನೂ ಅವ" ಎನ್ನುವಳು ಅಮ್ಮ.

ಕೈ ಕೈ ಹಿಡಿದು ಗೇಟಿನ ತನಕ ಹೋಗಿ, ಸ್ವಲ್ಪ ಹೊತ್ತು ನಿಂತು, ತಿರುಗಿ ಬರುವರು. "ಈ ಸಲ ನೀರು ಭಾಳ ಅದ" ಎಂದು ಅಮ್ಮ ನಗುವಳು. ಅಮ್ಮ ಉಣ್ಣತೊಡಗಿದಳು, ಮರೆತೇಹೋಗಿದ್ದ ಹಾಡು ಗುನುಗತೊಡಗಿದಳು. ಆಶ್ರಮದ ಮೇಲ್ವಿಚಾರಕಿ ಇದನ್ನೆಲ್ಲ ನನಗೆ ಖುಷಿಯಿಂದ ಹೇಳಿದರು. ನಾನೂ ಖುಷಿಪಡಬೇಕಿತ್ತು.

ಆದರೆ ಅಮ್ಮ ಅವಳನ್ನು "ವಿಜೀ" ಎಂದು ಕರೆಯುತ್ತಿದ್ದಳು.

ಅದು ನನ್ನ ಹೆಸರು. ಈ ಲೋಕದಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದದ್ದು ಅಮ್ಮ ಒಬ್ಬಳೇ. ನಾನು ಹೋದರೆ ಮಾತ್ರ — "ನೀವು ಯಾರ ಮನಿಯವ್ರು ರೀ? ಕೂಡ್ರಿ" ಎಂದು ಮರ್ಯಾದೆಯಿಂದ ಸೆರಗು ಸರಿಪಡಿಸಿಕೊಳ್ಳುವಳು.

ಮೊದಲು ಮಡಿಯ ನೆಪ ತೆಗೆದೆ. ಅಮ್ಮ ಆಕೆಯ ತಟ್ಟೆಯಿಂದ ಉಣ್ಣುತ್ತಾಳೆ, ನಮ್ಮಲ್ಲಿ ಅದು ನಡೆಯದು ಎಂದೆ — ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿಗೂ ಕೈ ಹಾಕುವ ನಾನು! ಇಬ್ಬರನ್ನೂ ಊಟಕ್ಕೆ ದೂರ ದೂರ ಕೂಡಿಸಿದರು. ಅಮ್ಮ ತನ್ನ ತಟ್ಟೆ ಎತ್ತಿಕೊಂಡು ಅವಳ ಹತ್ತಿರವೇ ಹೋದಳು.

ಆ ಭಾನುವಾರ ಹೆಸರುಬೇಳೆ ಪಾಯಸ ಮಾಡಿ ಒಯ್ದಿದ್ದೆ. ಒಂದು ಚಮಚ ತಿಂದವಳೇ ಅಮ್ಮ ಡಬ್ಬಿ ಹಿಡಿದು ಎದ್ದಳು.

"ವಿಜಿಗೆ ಕೊಟ್ಟು ಬರ್ತೀನಿ."

"ಅಮ್ಮಾ, ವಿಜಿ ನಾನು."

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನೀವು ಪಾಪ, ಒಳ್ಳೇವ್ರು. ಆದರ ವಿಜಿ ಅಲ್ಲೆ ಕೂತಾಳ ನೋಡ್ರಿ."

ಅವಳ ತೋಳು ಹಿಡಿದೆ. ಅವಳು ಎಳೆದುಕೊಂಡಳು. ನಾನು ಬಿಡಲಿಲ್ಲ — ಬಿಗಿ ಮಾಡಿದೆ. ಎಷ್ಟು ಬಿಗಿ ಎಂದು ಅವಳು ಕೂಗಿಕೊಂಡಾಗಲೇ ನನಗೆ ತಿಳಿದದ್ದು. ಇಲ್ಲ, ಅದೂ ಸುಳ್ಳು. ಮೊದಲೇ ತಿಳಿದಿತ್ತು. ಡಬ್ಬಿ ಬಿತ್ತು, ಪಾಯಸವೆಲ್ಲ ನೆಲಕ್ಕೆ. ಹೊನ್ನೂರಮ್ಮ ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು. "ಬಿಡು! ಯಕ್ಕನ ಕೈ ಬಿಡು!"

ಕೂಗು ಕೇಳಿ ಮೇಲ್ವಿಚಾರಕಿ ಬಂದರು. ಅಮ್ಮ ಅಳುತ್ತಿದ್ದಳು. "ಏನಾತ್ರೀ ಮೇಡಂ?" ಎಂದು ಅವರು ನನ್ನನ್ನು ಕೇಳಿದರು.

"ಈಕಿ ಹೊಡದ್ಳು" ಎಂದೆ.

ಎರಡೇ ಮಾತು. ಇಲ್ಲವೆನ್ನಲು ಹೊನ್ನೂರಮ್ಮನಿಗೆ ಆಗಲಿಲ್ಲ. ನಡೆದದ್ದು ಆಗಲೇ ಅವಳ ಮನಸ್ಸಿನಿಂದ ಜಾರಿಹೋಗಿತ್ತು. ಅಮ್ಮನ ತೋಳು ಸವರುತ್ತ ಅವಳೇ ಕೇಳುತ್ತಿದ್ದಳು — "ಯಾರ ಹೊಡದ್ರು ಯಕ್ಕಾ? ಯಾರವ್ರು?"

ಕೈ ಮಾಡುವವರನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ. ಮರುದಿನವೇ ಕುರುಗೋಡಿನಿಂದ ಅವಳ ಮಗ ದೊಡ್ಡಬಸಪ್ಪ ಬಂದರು. ನಾನು ಅಲ್ಲಿರಬೇಕಾದ ಅಗತ್ಯವಿರಲಿಲ್ಲ, ಆದರೂ ಹೋಗಿದ್ದೆ. ಅವಳು ಹೋಗುವುದನ್ನು ಕಣ್ಣಾರೆ ನೋಡಬೇಕಿತ್ತೇನೋ. ಆ ಮನುಷ್ಯ ನನ್ನ ಮುಂದೆ ಬಂದು ಕೈ ಮುಗಿದರು.

"ತಪ್ಪಾತ್ರೀ ಅಕ್ಕಾರ. ನಮ್ಮವ್ವ ಎತ್ತಿಗೆ ಸೈತ ಬಾರಕೋಲು ಎತ್ತಿದಾಕಿ ಅಲ್ರಿ. ಈ ರೋಗ ಏನೇನು ಮಾಡಸ್ತೈತೋ..."

"ಇರಲಿ ಬಿಡ್ರಿ" ಎಂದೆ. ಕ್ಷಮಿಸಿದವಳ ಹಾಗೆ.

ಹೊನ್ನೂರಮ್ಮ ಹೋದಳು, ಅಮ್ಮ ನನಗೆ ಸಿಗಲಿಲ್ಲ. ಗೇಟಿನ ಹತ್ತಿರ ಹೋಗಿ, ಯಾರೋ ಹಿಡಿಯಲಿ ಎಂಬಂತೆ ಒಂದು ಕೈ ಪಕ್ಕಕ್ಕೆ ಚಾಚಿ ನಿಲ್ಲುತ್ತಿದ್ದಳು. ಒಮ್ಮೆ ನಾನು ಆ ಕೈ ಹಿಡಿದೆ. ತಿರುಗಿ ನನ್ನ ಮುಖ ನೋಡಿ, ಮೆಲ್ಲಗೆ ಬಿಡಿಸಿಕೊಂಡಳು. ಬಂದವರಿಗೆಲ್ಲ "ನಮ್ಮ ವಿಜಿನ್ನ ಕಂಡ್ರೇನ್ರೀ" ಎನ್ನುತ್ತಿದ್ದಳು. ಕೆಲವು ತಿಂಗಳಿಗೆ ಅದನ್ನೂ ಬಿಟ್ಟಳು. ಹಾಡು ನಿಂತಿತು. ಭಾನುವಾರ ಭಾನುವಾರ ಅವಳ ಪಕ್ಕ ಕೂತು ಬರುತ್ತಿದ್ದೆ. ಕಡೆಗೆ ಯಾರ ಹೆಸರನ್ನೂ ಹಿಡಿಯದೆ ಹೋಗಿಬಿಟ್ಟಳು.

ಆಗಲೂ ನಾನು ಬಾಯಿ ಬಿಡಲಿಲ್ಲ. ಅವಳ ವರ್ಷದ ಕರ್ಮ ಮುಗಿಸಿ ಮನೆಗೆ ಬಂದ ದಿನ ಖಾಲಿ ಅಡುಗೆಮನೆಯಲ್ಲಿ ನಿಂತಾಗ, ಅಮ್ಮನನ್ನು ಕಡೆಯ ಬಾರಿ ನಗಿಸಿದ ಜೀವ ಎಲ್ಲಿದೆಯೋ ಎನಿಸಿತು. ಮರುದಿನ ಕುರುಗೋಡಿನ ಬಸ್ಸು ಹತ್ತಿದೆ.

ದೊಡ್ಡಬಸಪ್ಪನವರು ಗುರುತು ಹಿಡಿದರು. ಹೊರಸು ಹಾಕಿ ಕೂಡಿಸಿದರು, ಅವರ ಹೆಂಡತಿ ಚಹಾ ತಂದರು. ಹೊನ್ನೂರಮ್ಮನನ್ನು ನೋಡಬೇಕು ಎಂದೆ. ಆ ಸೊಸೆ ನನ್ನನ್ನು ಹಿತ್ತಲ ಕಡೆಯ ಕೋಣೆಗೆ ಕರೆದೊಯ್ದು ಬಾಗಿಲಲ್ಲೇ ತಡೆದರು.

"ಇಲ್ಲೇ ನಿಂತು ನೋಡ್ರಿ ಅಕ್ಕಾರ. ಒಳಗ ಹೋಗಬ್ಯಾಡ್ರಿ, ಹೊಡಿತಾಳ."

"ನಿಮಗ ಹೊಡದಾಳೇನ್ರಿ?"

"ಇಲ್ರಿ. ನಾವು ಹತ್ರ ಹೋದ್ರ ತಾನ?"

ಊಟದ ತಾಟನ್ನು ಹೊಸ್ತಿಲಿನಿಂದ ಒಳಕ್ಕೆ ಸರಿಸುತ್ತಾರಂತೆ. ಮೊಮ್ಮಕ್ಕಳನ್ನು ಆ ಕಡೆ ಬಿಡುವುದಿಲ್ಲವಂತೆ. ಚಾಪೆಯ ಮೇಲೆ ಅರ್ಧಕ್ಕಿಳಿದ ಹೊನ್ನೂರಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಿದ್ದಳು.

ಹಿಂದೆಯೇ ಬಂದಿದ್ದ ದೊಡ್ಡಬಸಪ್ಪನವರ ಕಡೆ ತಿರುಗಿ, ನಿಂತಲ್ಲೇ ಹೇಳಿದೆ. "ನಿಮ್ಮವ್ವ ಯಾರನ್ನೂ ಹೊಡೀಲಿಲ್ಲ ರೀ. ನಮ್ಮಮ್ಮನ ತೋಳು ಹಿಡಿದು ನೋಯಿಸಿದಾಕಿ ನಾನು. ಬಿಡಿಸಾಕ ಬಂದಾಕಿ ಮ್ಯಾಲೆ ಸುಳ್ಳು ಹೇಳಿದೆ."

ಅವರು ಕೂಗಾಡಲಿಲ್ಲ.

"ಮೂರು ವರ್ಷ ಆತ್ರಿ, ನನ್ನ ಮಕ್ಕಳು ಆಕಿ ಮಗ್ಗಲಾಗ ಕುಂತಿಲ್ಲ" ಎಂದರು. ಆಮೇಲೆ, "ನೀವು ಹೋಗ್ರಿ. ಇನ್ನ ಬರಬ್ಯಾಡ್ರಿ."

ಅಷ್ಟರಲ್ಲಿ ಅವರ ಹೆಂಡತಿ ಹೊಸ್ತಿಲು ದಾಟಿದ್ದರು. ಅತ್ತೆಯ ಎದುರು ಕೂತು, ಕೈ ಹಿಡಿಯಲು ಕೈ ನೀಡಿದರು. ಹೊನ್ನೂರಮ್ಮ ಬೆದರಿ ಹಿಂದಕ್ಕೆ ಸರಿದಳು. ಅಷ್ಟು ಹತ್ತಿರ ಯಾರಾದರೂ ಬರುತ್ತಾರೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ನಾನು ಕಡೆಯದಾಗಿ ಕಂಡದ್ದು ಅದನ್ನೇ.

ಬಳ್ಳಾರಿಗೆ ಬಂದು ಮೇಲ್ವಿಚಾರಕಿಗೂ ಎಲ್ಲ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು; ಎದ್ದು ಒಳಗೆ ಹೋದರು. ಹೊನ್ನೂರಮ್ಮ ಸೊಸೆಯ ಕೈಯನ್ನು ಈಗಲಾದರೂ ಹಿಡಿಯುತ್ತಾಳೋ, ಮಕ್ಕಳು ಹತ್ತಿರ ಹೋಗುತ್ತಾರೋ — ತಿಳಿಯಬೇಕೆಂದು ಜೀವ ಒದ್ದಾಡುತ್ತದೆ. ಕುರುಗೋಡು ದೂರವೇನಿಲ್ಲ.

ಆದರೆ ಬರಬೇಡಿ ಎಂದಿದ್ದಾರೆ. ಹೋಗುವುದಿಲ್ಲ.