ನಮ್ಮದೇ ಬೆಳ್ಳಿ ಲೋಟ

ಯಾವ ಸೀಮೆಯಿಂದ ಬಂದವರು ಎಷ್ಟು ಮುಂದೆ ಬಂದಿದ್ದಾರೆ ಎಂದು ಪಕ್ಕಪಕ್ಕ ನಿಲ್ಲಿಸಿ ಅಳೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೇಟುಗಳು ಹೀಗೆ, ಮಲಯಾಳಿಗಳು ಹಾಗೆ, ತೆಲುಗರು ಅಷ್ಟು, ನಾವು ಮಾತ್ರ ಇಷ್ಟೇ ಎಂದು ಶುರುವಾಗುವ ಮಾತನ್ನು ಈಗ ನಾನು ಪೂರ್ತಿ ಕೇಳುವುದೇ ಇಲ್ಲ, ಎದ್ದು ಹೊರಗೆ ಹೋಗಿಬಿಡುತ್ತೇನೆ. ನನ್ನ ಹೆಂಡತಿ ಅದು ಬಿ.ಪಿ. ಇರಬೇಕು ಎನ್ನುತ್ತಾಳೆ. ಬಿ.ಪಿ. ಅಲ್ಲ. ಅಂಥದೊಂದು ಅಳತೆಯಲ್ಲಿ ನಾನೂ ಪೆನ್ನು ಹಿಡಿದು ಕೂತಿದ್ದೆ, ಅದರಿಂದ ಒಂದು ಹುಡುಗಿಯ ಓದು ನಿಂತುಹೋಯಿತು.

ನಾನು ಹುಟ್ಟಿ ಬೆಳೆದದ್ದು ಚೆನ್ನೈನ ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ಹಿಂದಿನ ಓಣಿಯಲ್ಲಿ. ಅಪ್ಪ ಕೋಲಾರದ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಬಂದವರು. ನಾನು ವಿಮೆ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಅಲ್ಲೇ ನಿವೃತ್ತನಾದೆ. ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಅಪ್ಪನ ಜೊತೆ ಅದೇ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರೊಬ್ಬರ ಸಂಸಾರವಿತ್ತು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಹೆಂಡತಿಯನ್ನು ಓಣಿಯ ಕನ್ನಡದವರು, ತಮಿಳರು ಎಲ್ಲರೂ ಮಾಮಿ ಎಂದೇ ಕರೆಯುತ್ತಾರೆ. ಮಾಮಿಯ ಮಗನೂ ತೀರಿಹೋದ ಮೇಲೆ ಸೊಸೆ ಬೇರೆ ಮದುವೆಯಾಗಿ ಕೊಯಮತ್ತೂರಿಗೆ ಹೋದಳು. ಉಳಿದದ್ದು ಮಾಮಿ ಮತ್ತು ಒಬ್ಬ ಮೊಮ್ಮಗಳು. ಗಂಡನ ಪೆನ್ಷನ್ನಿನಲ್ಲಿ ಮನೆ ಬಾಡಿಗೆ, ಮಾತ್ರೆ, ಊಟ ಎಲ್ಲವೂ ನಡೆಯಬೇಕು. ಹುಡುಗಿ ಕಾಲೇಜು ಸೇರಿದಾಗ ಮೊದಲ ವರ್ಷದ ಫೀಸು ಕಟ್ಟಿದ್ದು ನಮ್ಮ ಕನ್ನಡ ಸಂಘ. ಅದನ್ನು ಓಣಿಯಲ್ಲಿ ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದರು. ಮೈಸೂರಿನವರು, ಚೆನ್ನೈಗೆ ಬಂದು ಐದು ವರ್ಷವೂ ಆಗಿರಲಿಲ್ಲ. ಗಿಂಡಿಯಲ್ಲಿ ದೊಡ್ಡ ಕಂಪನಿಯ ಕೆಲಸ, ಬೆಸೆಂಟ್ ನಗರದಲ್ಲಿ ಸಮುದ್ರದ ಗಾಳಿ ಬರುವ ಮನೆ. ಮೊದಲ ಸಭೆಗೇ ಪ್ರೊಜೆಕ್ಟರ್ ತಂದು ಗೋಡೆಯ ಮೇಲೆ ಬಣ್ಣಬಣ್ಣದ ಕಂಬಗಳನ್ನು ಮೂಡಿಸಿದರು. ಹೊರಗಿನಿಂದ ಬಂದು ಈ ಊರಲ್ಲಿ ನೆಲೆಸಿದ ಒಂದೊಂದು ಸಮುದಾಯಕ್ಕೂ ಒಂದೊಂದು ಕಂಬ. ಸೇಟುಗಳದು ಚಾವಣಿಯ ಹತ್ತಿರ, ಆಮೇಲೆ ಸಿಂಧಿಗಳು, ಗುಜರಾತಿಗಳು, ಹೀಗೆ ಇಳಿಯುತ್ತ ಬಂದು ಕನ್ನಡದವರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ನಾವು ಎಲ್ಲಿದ್ದೇವೆ ಎಂದು ನಮಗೇ ತಿಳಿಯದು, ಮೊದಲು ಅದನ್ನು ತಿಳಿಯಬೇಕು ಎಂದರು. ಮಿಕ್ಕ ಕಂಬಗಳ ಎತ್ತರ ಅವರಿಗೆ ಎಲ್ಲಿಂದ ಸಿಕ್ಕಿತು ಎಂದು ನಾನು ಕೇಳಿದೆ. ಅಲ್ಲಿ ಇಲ್ಲಿ ಓದಿದ್ದು, ಒಂದಿಷ್ಟು ಅಂದಾಜು ಎಂದರು.

ಅಂದಾಜು! ನಮ್ಮ ಬೀದಿಯ ತುದಿಯಲ್ಲಿ ಗಿರವಿ ಅಂಗಡಿ ಇಟ್ಟ ಸೇಟು ಇದ್ದಾರೆ, ಅವರ ಕಾರು ಬೀದಿಗೆ ಅಡ್ಡ ನಿಲ್ಲುತ್ತದೆ. ಅದೇ ಅಂಗಡಿಯಲ್ಲಿ ಅವರದೇ ಊರಿನ ಮುದುಕರೊಬ್ಬರು ಇಡೀ ಜೀವಮಾನ ಕೆಲಸ ಮಾಡಿ ಈಗಲೂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ರೊಟ್ಟಿ ಸುಟ್ಟುಕೊಂಡು ಅಲ್ಲೇ ಮಲಗುತ್ತಾರೆ. ಇವರನ್ನು ಆ ಕಂಬದಲ್ಲಿ ಎಲ್ಲಿಟ್ಟಿರಿ ಎಂದೆ. ಕಾರ್ಯದರ್ಶಿ ನಗುತ್ತಲೇ ಅದು ಸರಾಸರಿ ಎಂದರು. ಹಾಗಾದರೆ ಮೆಟ್ರೋ ಕೆಲಸಕ್ಕೆ ರಾಯಚೂರಿನ ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿರುವವರು? ಅವರಾಡುವುದೂ ಕನ್ನಡವೇ ಅಲ್ಲವೇ?

"ಅವ್ರು ನಮ್ಮ ಮೆಂಬರ್ಸ್ ಅಲ್ವಲ್ಲ ಸರ್" ಎಂದರು.

ಆ ಹೊತ್ತಿಗೇ ಎದ್ದು ಬರಬೇಕಿತ್ತು. ಬರಲಿಲ್ಲ. ಮನೆಮನೆಗೆ ಹೋಗಿ ಫಾರಂ ತುಂಬಬೇಕು, ಪುರಸೈವಾಕ್ಕಂನ ಹಳಬರ ಮನೆಗಳು ನಿಮಗಲ್ಲದೆ ಇನ್ಯಾರಿಗೆ ಗೊತ್ತು ಸರ್ ಎಂದು ಅವರು ಎಲ್ಲರೆದುರು ಹೇಳಿದಾಗ ನಾನು ಉಬ್ಬಿಹೋದೆ. ನಿವೃತ್ತನಾದ ಗುಮಾಸ್ತನಿಗೆ ಫಾರಂ ಎಂದರೆ ಬಾಯಲ್ಲಿ ನೀರೂರುತ್ತದೆ. ಅವರೂ ಜೊತೆಗೆ ಬರುತ್ತೇನೆಂದರು. ಭಾನುವಾರ ಬೆಳಿಗ್ಗೆಯೆಂದು ಗೊತ್ತಾಯಿತು, ಎಲ್ಲ ಮನೆಗಳಿಗೂ ಮುಂಚೆಯೇ ಹೇಳಿ ಕಳಿಸಿದ್ದೂ ಆಯಿತು.

ಹೊರಗಿನವರಿಗೆ ನಮ್ಮ ಓಣಿಯ ಒಂದು ಪದ್ಧತಿಯನ್ನು ಹೇಳಬೇಕು. ಯಾರ ಮನೆಗಾದರೂ ದೊಡ್ಡ ಮನುಷ್ಯರು ಬರುತ್ತಾರೆಂದರೆ ಪಾತ್ರೆಪಗಡ ಮನೆಯಿಂದ ಮನೆಗೆ ನಡೆದು ಹೋಗುತ್ತವೆ. ಹೆಣ್ಣು ನೋಡಲು ಬಂದರೆ ಒಬ್ಬರ ಜಮಖಾನ, ಇನ್ನೊಬ್ಬರ ಕುರ್ಚಿ, ಮತ್ತೊಬ್ಬರ ಬೆಳ್ಳಿ ತಟ್ಟೆ. ನನ್ನ ಮದುವೆ ಮಾತುಕತೆಯ ದಿನ ನಮ್ಮ ಮನೆಯಲ್ಲಿದ್ದ ಗೋಡೆ ಗಡಿಯಾರ ಮಾಮಿಯದು. ಕೊಡುವವರು ಯಾಕೆಂದು ಕೇಳುವುದಿಲ್ಲ. ತಮ್ಮ ವಸ್ತು ಇನ್ನೊಬ್ಬರ ಮನೆಯಲ್ಲಿ ಕಣ್ಣಿಗೆ ಬಿದ್ದರೆ ಗುರುತು ಸಿಕ್ಕಿದಂತೆ ತೋರಿಸಿಕೊಳ್ಳುವುದೂ ಇಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ನಾವೆಲ್ಲ ಹಾಗೇ ಬೆಳೆದೆವು.

ಆ ಭಾನುವಾರ ಬೆಳಿಗ್ಗೆ ನಾನು ಶೇವ್ ಮಾಡಿಕೊಳ್ಳುತ್ತಿದ್ದಾಗ ಮಾಮಿಯ ಮೊಮ್ಮಗಳು ಬಂದು ಹೆಂಡತಿಯ ಹತ್ತಿರ ತಮಿಳಿನಲ್ಲಿ ಏನೋ ಕೇಳಿ, ದುಪಟ್ಟಾದಲ್ಲಿ ಸುತ್ತಿದ್ದನ್ನು ಎದೆಗವಚಿಕೊಂಡು ಹೋದದ್ದು ಕನ್ನಡಿಯಲ್ಲಿ ಕಂಡಿತು. ಆ ಹುಡುಗಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುತ್ತಾಳೆ, ಇಲ್ಲಿ ಓದಿದ ಮಕ್ಕಳೆಲ್ಲ ಹಾಗೇ.

ಮಾಮಿಯ ಮನೆಗೆ ಹೋದಾಗ ಹನ್ನೊಂದು ಗಂಟೆ. ಕಾರ್ಯದರ್ಶಿ ಪ್ರಶ್ನೆ ಕೇಳುವುದು, ನಾನು ಬರೆಯುವುದು. ಮನೆ ಸ್ವಂತದ್ದೇ ಎಂದು ಕೇಳಿದರು. ನಲವತ್ತು ವರ್ಷದಿಂದ ಇದೇ ಮನೆಯಲ್ಲಿದ್ದೇವೆ ಎಂದರು ಮಾಮಿ. ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ, ನನಗೆ ಗೊತ್ತಿತ್ತು. ನನ್ನ ಪೆನ್ನು ಸ್ವಂತ ಎನ್ನುವ ಚೌಕದಲ್ಲಿ ಗುರುತು ಹಾಕಿತು. ಖರ್ಚು ವೆಚ್ಚಕ್ಕೇನಾದರೂ ತೊಂದರೆಯಿದೆಯೇ ಎಂದು ಕೇಳಿದರು. ಮಾಮಿ ನನ್ನತ್ತ ಒಮ್ಮೆ ನೋಡಿ, ಅವರತ್ತ ತಿರುಗಿ ನಕ್ಕರು.

"ನಮ್ಗೇನಪ್ಪಾ ಕಮ್ಮಿ? ಚೆನ್ನಾಗಿದೀವಿ. ಹಾಗೇ ಬರ್ಕೊಳಿ."

ಅಷ್ಟರಲ್ಲಿ ಹುಡುಗಿ ಕಾಫಿ ತಂದಳು, ಬೆಳ್ಳಿ ಲೋಟದಲ್ಲಿ. ನನ್ನ ಕೈಗೆ ಬಂದ ಲೋಟದ ಅಂಚಿನಲ್ಲಿ ಒಂದು ತಗ್ಗು. ನನ್ನ ಮಗಳು ಮೂರು ವರ್ಷದವಳಿದ್ದಾಗ ಮಹಡಿ ಮೆಟ್ಟಿಲಿನಿಂದ ಉರುಳಿಸಿ ಆದದ್ದು ಅದು. ಕಾರ್ಯದರ್ಶಿ ತಮ್ಮ ಲೋಟವನ್ನು ತಿರುಗಿಸಿ ನೋಡಿ, ಹಳೇ ಕಾಲದ ಬೆಳ್ಳಿ, ಎಷ್ಟು ಗಟ್ಟಿ ಇದೆ ಎಂದು ಮೆಚ್ಚಿಕೊಂಡರು. ನಾನು ಆ ತಗ್ಗಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಕಾಫಿ ಕುಡಿದೆ. ಫಾರಂನ ಕೊನೆಯಲ್ಲಿ ಕುಟುಂಬದ ಸ್ಥಿತಿ ಎಂದು ಒಂದು ಸಾಲಿತ್ತು, ಅದನ್ನು ನೋಡಿದವರೇ ತುಂಬಬೇಕು. ನಾನು 'ಉತ್ತಮ' ಎಂದು ಬರೆದು ಕೆಳಗೆ ಸಹಿ ಹಾಕಿದೆ. ಹುಡುಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

ಯಾಕೆ ಬರೆದೆ? ಮಾಮಿಯ ಮರ್ಯಾದೆ ಉಳಿಸಲು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಬೆಸೆಂಟ್ ನಗರದ ಮನುಷ್ಯನ ಮುಖದಲ್ಲಿ ನಮ್ಮ ಓಣಿಯ ಬಗ್ಗೆ ಅಯ್ಯೋ ಪಾಪ ಎನ್ನುವ ಭಾವ ಮೂಡುವುದು ನನಗೆ ಬೇಕಿರಲಿಲ್ಲ. ಮೂರು ತಲೆಮಾರಿನಿಂದ ಇಲ್ಲಿರುವವರು ನಾವು, ನಿನ್ನೆ ಬಂದವನ ಮುಂದೆ ತಲೆ ತಗ್ಗಿಸುವುದೇ? ನನ್ನ ಸ್ವಂತ ಫಾರಂನಲ್ಲೂ ಅಣ್ಣತಮ್ಮಂದಿರ ಜೊತೆ ಕೋರ್ಟಿನಲ್ಲಿರುವ ಮನೆಯನ್ನು ಸ್ವಂತ ಮನೆ ಎಂದೇ ಬರೆದಿದ್ದೆ. ಆ ದಿನ ಹೋದ ಮನೆಗಳಲ್ಲಿ ಒಬ್ಬರಾದರೂ ಕಷ್ಟ ಎನ್ನಲಿಲ್ಲ. ಅಪರಿಚಿತನನ್ನು ಕೂರಿಸಿಕೊಂಡು ಕಷ್ಟ ಹೇಳಿಕೊಳ್ಳುವ ಜನವೇ ನಾವು? ಮಧ್ಯಾಹ್ನದ ಹೊತ್ತಿಗೆ ಓಣಿಯ ಬೆಳ್ಳಿಯೆಲ್ಲ ಓಣಿ ಸುತ್ತಿ ಬಂದಿತ್ತು. ಸಂಜೆ ನಮ್ಮ ಲೋಟಗಳು ಹುಣಸೆಹಣ್ಣಿನಲ್ಲಿ ಬೆಳಗಿ ಫಳಫಳ ಎನ್ನುತ್ತ ಮನೆಗೆ ವಾಪಸಾದವು.

ರಾಜ್ಯೋತ್ಸವದ ದಿನ ಗೋಡೆಯ ಮೇಲೆ ಮತ್ತೆ ಕಂಬಗಳು ಎದ್ದವು. ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಈಗ ನಮ್ಮ ಕಂಬ. ಅದನ್ನು ಮತ್ತೆ ಬಡಾವಣೆವಾರು ಒಡೆದು ತೋರಿಸಿದರು. ಪುರಸೈವಾಕ್ಕಂನ ಹಳೆಯ ಕನ್ನಡಿಗರು ಸೇಟುಗಳ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ಸಭಾಂಗಣದಲ್ಲಿ ಜೋರು ಚಪ್ಪಾಳೆ. ಮುಂದಿನ ಸಾಲಿನಲ್ಲಿ ಮಾಮಿ, ತಮ್ಮ ಒಂದೇ ಒಂದು ರೇಷ್ಮೆ ಸೀರೆಯಲ್ಲಿ, ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು. ನಾನೂ ತಟ್ಟಿದೆ, ಹೆಮ್ಮೆಯಿಂದಲೇ ತಟ್ಟಿದೆ.

ಆ ಕಂಬದ ಫಲ ಮುಂದಿನ ಬೇಸಿಗೆಯಲ್ಲಿ ಕೈಗೆ ಬಂತು. ನೆಲೆ ನಿಂತ ಕುಟುಂಬಗಳಿಗೆ ಇನ್ನು ಫೀಸಿನ ನೆರವು ಬೇಕಿಲ್ಲ, ಆ ಹಣದಲ್ಲಿ ಯುವಕರಿಗೆ ವ್ಯಾಪಾರದ ತರಬೇತಿ ಕೊಟ್ಟು ಸೇಟುಗಳನ್ನು ಹಿಂದೆ ಹಾಕೋಣ ಎಂದು ಸಮಿತಿ ತೀರ್ಮಾನಿಸಿತ್ತು. ಮಾಮಿಯ ಮನೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಹೋಯಿತು. ಅಜ್ಜಿಗೆ ಅದನ್ನು ಓದಿ ಅರ್ಥ ಹೇಳಿದವಳು ಮೊಮ್ಮಗಳೇ. ಎರಡನೆಯ ವರ್ಷದ ಫೀಸು ಕಟ್ಟಲು ಎರಡು ವಾರವಿತ್ತು.

ಸುದ್ದಿ ತಿಳಿದ ಮರುದಿನವೇ ನಾನು ಗಿಂಡಿಯ ಆ ಕಂಪನಿಗೆ ಹೋದೆ. ಕಾರ್ಯದರ್ಶಿ ಗಾಜಿನ ಕೋಣೆಯಲ್ಲಿ ಕೂರಿಸಿ ಕಾಗದದ ಕಪ್ಪಿನಲ್ಲಿ ಕಾಫಿ ಕೊಟ್ಟರು. ಆ ಮನೆಯಲ್ಲಿ ಏನೂ ಇಲ್ಲ, ಮಾಮಿ ಅಭಿಮಾನಕ್ಕೆ ಹಾಗೆ ಹೇಳಿದರು ಎಂದೆ. ಅವರು ಕಂಪ್ಯೂಟರಿನಲ್ಲಿ ಆ ಫಾರಂ ತೆಗೆದು ನನ್ನ ಕಡೆಗೆ ತಿರುಗಿಸಿದರು.

"ಫಾರಂ ತುಂಬಿದ್ದು ನೀವೇ ಅಲ್ವಾ ಸರ್? ಸೈನ್ ಕೂಡ ನಿಮ್ದೇ ಇದೆ."

ನಾನು ಗಂಟಲು ಹರಿಯುವಂತೆ ಕೂಗಾಡಿದೆ. ಕಂಬ ನಿಲ್ಲಿಸುವ ಚಪಲಕ್ಕೆ ಮನೆ ಮುರಿಯುತ್ತೀರಿ ಎಂದೆ, ಐದು ವರ್ಷದ ಹಿಂದೆ ಬಂದವರಿಗೆ ನಮ್ಮ ಬದುಕು ಏನು ಗೊತ್ತು ಎಂದೆ, ಇನ್ನೂ ಏನೇನೋ ಅಂದೆ. ಗಾಜಿನಾಚೆ ಕೂತವರು ತಲೆಯೆತ್ತಿ ನೋಡಿದರು. ಕಾರ್ಯದರ್ಶಿ ದನಿ ಏರಿಸಲಿಲ್ಲ. ಆ ಅಮ್ಮ ತಮ್ಮ ಪರಿಸ್ಥಿತಿ ಸರಿಯಿಲ್ಲವೆಂದು ಒಂದು ಪತ್ರ ಬರೆದುಕೊಡಲಿ, ಸಮಿತಿಯ ಮುಂದೆ ಓದಿ ನೆರವು ಮುಂದುವರಿಸುತ್ತೇನೆ ಎಂದರು. ಆ ಮನುಷ್ಯ ಹೇಳಿದ್ದರಲ್ಲಿ ತಪ್ಪು ಹುಡುಕಲು ದಾರಿಯುದ್ದಕ್ಕೂ ಪ್ರಯತ್ನಿಸಿದೆ. ಸಿಗಲಿಲ್ಲ. ಅದಕ್ಕೇ ಅವರ ಮೇಲೆ ಇನ್ನಷ್ಟು ದ್ವೇಷ ಹುಟ್ಟಿತು, ಈಗಲೂ ಇದೆ.

ಮಾಮಿ ಪತ್ರ ಕೊಡಲು ಒಪ್ಪಲಿಲ್ಲ. ಎಲ್ಲರ ಮುಂದೆ ಓದುತ್ತಾರೆಯೇ ಎಂದು ಒಂದೇ ಪ್ರಶ್ನೆ ಕೇಳಿದರು. ಹೌದು ಎಂದೆ. ಬೇಡಪ್ಪಾ, ವಿಟ್ಟುಡು ಎಂದರು. ಬಿಟ್ಟುಬಿಡು ಎನ್ನುವುದನ್ನು ತಮಿಳಿನಲ್ಲಿ ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು ಎಂದೇ ನಮ್ಮ ಮನೆಗಳಲ್ಲಿ ಅರ್ಥ. ಈ ವರ್ಷದ ಫೀಸು ನಾನು ಕಟ್ಟುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ. ಅವರು ಸ್ಟೀಲ್ ಲೋಟದಲ್ಲಿ ಕಾಫಿ ತಂದು ನನ್ನ ಮುಂದಿಟ್ಟರು.

"ನಿನ್ ಮನೆ ಪಾತ್ರೆ ತಗೋಬೋದು. ದುಡ್ಡು ತಗೊಳಕ್ಕಾಗಲ್ಲಪ್ಪ."

ಎರಡು ವಾರ ಕಳೆಯಿತು. ಹುಡುಗಿ ಕಾಲೇಜಿಗೆ ಹೋಗುವುದು ನಿಂತಿತು. ಹೆಂಡತಿ ದಿನಕ್ಕೊಮ್ಮೆ ನೀವು ಅಲ್ಲೇ ಬಾಯಿ ಬಿಡಬಹುದಿತ್ತು ಎನ್ನುತ್ತಿದ್ದಳು. ನಾನು ಅವಳ ಮೇಲೆ ರೇಗುತ್ತಿದ್ದೆ. ಲೋಟ ಕೊಟ್ಟವಳು ನೀನು ಎಂದೂ ಒಮ್ಮೆ ಅಂದುಬಿಟ್ಟೆ. ಅದಕ್ಕೆ ಅವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ತಮಿಳರ ಆಡಿ ತಿಂಗಳ ಬಟ್ಟೆ ರಿಯಾಯಿತಿ ಶುರುವಾಯಿತೆಂದರೆ ಪುರಸೈವಾಕ್ಕಂನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟವೆಲ್ ಬೇಕೆಂದು ಹೆಂಡತಿ ಅಟ್ಟಿದ್ದರಿಂದ ನಾನು ಮುಖ್ಯಬೀದಿಯ ದೊಡ್ಡ ಜವಳಿ ಅಂಗಡಿಗೆ ಹೋದೆ. ಎರಡನೆಯ ಮಹಡಿಯಲ್ಲಿ, ಅಂಗಡಿಯವರು ಕೊಟ್ಟ ಮೆರೂನ್ ಸೀರೆಯುಟ್ಟು, ಕೌಂಟರಿನ ಹಿಂದೆ ನಿಂತಿದ್ದವಳು ಮಾಮಿಯ ಮೊಮ್ಮಗಳು. ಅಲ್ಲಿ ಕೆಲಸದವರು ಕೂರಲು ಒಂದು ಸ್ಟೂಲೂ ಇರಲಿಲ್ಲ. ವಾಂಗ ಅಂಕಲ್ ಎಂದು ಎಲ್ಲರನ್ನೂ ಕರೆಯುವ ಹಾಗೇ ನನ್ನನ್ನೂ ಕರೆದು, ಟವೆಲ್‌ಗಳನ್ನು ಒಂದರ ಮೇಲೊಂದು ಬಿಚ್ಚಿ ಹಾಕತೊಡಗಿದಳು.

ನನಗೆ ತಡೆಯಲಾಗಲಿಲ್ಲ. ಸಮಿತಿಗೆ ನಾನೇ ಕಾಗದ ಬರೆಯುತ್ತೇನೆ, ಅಜ್ಜಿಯ ಸಹಿ ಬೇಡ, ಲೋಟ ನಮ್ಮ ಮನೆಯದೆಂದೂ ಬರೆಯುತ್ತೇನೆ, ಮುಂದಿನ ವರ್ಷವಾದರೂ ನೀನು ಮತ್ತೆ ಸೇರಬಹುದು ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಬಿಚ್ಚಿದ ಟವೆಲ್‌ಗಳನ್ನು ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸದೆ, ನನ್ನ ಜೊತೆ ಎಂದೂ ಆಡದಿದ್ದ ಕನ್ನಡದಲ್ಲಿ, ಅಜ್ಜಿಯ ಕನ್ನಡದಲ್ಲೇ ಹೇಳಿದಳು.

"ಬೇಡ ಅಂಕಲ್. ಲೋಟ ತಂದಿದ್ದು ನಾನೇ. ನೀವು ಅದನ್ನ ಗುರ್ತು ಹಿಡಿದಿದ್ದನ್ನೂ ನೋಡ್ದೆ. ಅದಾದ್ಮೇಲೂ ನೀವು ಹಾಗೆ ಬರ್ದ್ರಿ."

ಆಮೇಲೆ ನನಗೆ ಯಾವ ಬಣ್ಣದ್ದು ಬೇಕೆಂದು ಮತ್ತೆ ತಮಿಳಿನಲ್ಲಿ ಕೇಳಿದಳು. ಹಿಂದೆ ಜನ ನೂಕುತ್ತಿದ್ದರು. ನಾನು ಯಾವುದೋ ಒಂದನ್ನು ಕೈ ಮಾಡಿ ತೋರಿಸಿದೆ.